ಧಾರವಾಡದ ರವಿವಾರದ ವಿಮಾನ ತರಗತಿ: ಸೇರಬಹುದೇ?

ಧಾರವಾಡದ ಒಂದು ಖಾಸಗಿ ಬ್ಯಾಡ್ಮಿಂಟನ್ ಸಭಾಂಗಣವನ್ನು ರವಿವಾರ ಮಧ್ಯಾಹ್ನ ಬಾಡಿಗೆಗೆ ಪಡೆದು, ರಬ್ಬರಿನ ಬಲದಿಂದ ಹಾರುವ ಒಳಾಂಗಣ ಮಾದರಿ ವಿಮಾನಗಳನ್ನು ಕಟ್ಟುವುದನ್ನೂ ಹಾರಿಸುವುದನ್ನೂ ಕಲಿಸುವ ತರಗತಿಯೊಂದು ನಡೆಯುತ್ತಿದೆ. ಸಂಸ್ಥೆ, ಸಂಘ ಎಂದು ಏನೂ ಇಲ್ಲ. ಕೈಗಾರಿಕಾ ತರಬೇತಿ ಕೇಂದ್ರವೊಂದರಲ್ಲಿ ಕಲಿಸಿ ನಿವೃತ್ತರಾದ ಶಿಕ್ಷಕರೊಬ್ಬರೂ ಅವರ ಇಬ್ಬರು ಹಳೆಯ ವಿದ್ಯಾರ್ಥಿಗಳೂ ಸೇರಿ ನಡೆಸುವ ಕೆಲಸ ಇದು. ಒಂದು ತಂಡದ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಕಲಿತ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವಿಮಾನ ಕಟ್ಟುವ ಪಾಠ ಸಾಧಾರಣವಾಗಿದೆ, ಸಲಕರಣೆಗಳ ವ್ಯವಸ್ಥೆಯಲ್ಲಿ ಕೊರತೆಗಳಿವೆ, ಆದರೆ ಹಾರುತ್ತಿರುವ ವಿಮಾನವನ್ನು ಗೋಡೆ, ತೊಲೆ, ದೀಪಗಳಿಂದ ತಪ್ಪಿಸಿ ದಾರಿಗೆ ತರುವ ವಿದ್ಯೆಯನ್ನು, ಅಂದರೆ ಸ್ಟೀರಿಂಗನ್ನು, ಇವರು ಕಲಿಸುವ ರೀತಿ ಬಹಳ ಚೆನ್ನಾಗಿದೆ. ಅದೊಂದಕ್ಕಾಗಿಯೇ ಸೇರಬಹುದು.

ಈ ಹವ್ಯಾಸದ ಪರಿಚಯ ಇಲ್ಲದವರಿಗೆ ಸ್ವಲ್ಪ ವಿವರ ಬೇಕಾಗುತ್ತದೆ. ಇಲ್ಲಿ ರಿಮೋಟ್ ಇಲ್ಲ, ಮೋಟಾರ್ ಇಲ್ಲ, ಬ್ಯಾಟರಿ ಇಲ್ಲ. ಬಾಲ್ಸಾ ಕಟ್ಟಿಗೆಯ ಕಡ್ಡಿಗಳಿಂದ ಚೌಕಟ್ಟು ಕಟ್ಟಿ, ಅದಕ್ಕೆ ಅತಿ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಮೂತಿಯ ಪ್ರೊಪೆಲರಿಗೂ ಹಿಂದಿನ ಕೊಕ್ಕೆಗೂ ನಡುವೆ ರಬ್ಬರಿನ ಉದ್ದನೆಯ ಕುಣಿಕೆಯನ್ನು ತಿರುಚಿ ಹಾಕುತ್ತಾರೆ. ಆ ತಿರುಚು ಬಿಚ್ಚಿಕೊಳ್ಳುವವರೆಗೆ ಪ್ರೊಪೆಲರ್ ತಿರುಗುತ್ತದೆ, ವಿಮಾನ ಹಾರುತ್ತದೆ. ತಿರುಚಿದ ರಬ್ಬರಿನ ಬಲದಿಂದ ತಾನಾಗಿಯೇ ಸ್ಥಿರವಾಗಿ ಹಾರುವ ವಿಮಾನವನ್ನು 1871ರಲ್ಲಿ ಪ್ಯಾರಿಸ್ಸಿನಲ್ಲಿ ಅಲ್ಫಾನ್ಸ್ ಪೆನೊ ಎಂಬ ಯುವಕ ಜನರೆದುರು ಹಾರಿಸಿ ತೋರಿಸಿದ. ಅದು 11 ಸೆಕೆಂಡಿನಲ್ಲಿ ಸುಮಾರು 40 ಮೀಟರು ಹಾರಿತ್ತು. ಇಂದಿನ ಅಂತರರಾಷ್ಟ್ರೀಯ ಸ್ಪರ್ಧೆಯ ಎಫ್1ಡಿ ವರ್ಗದ ವಿಮಾನವು ಅದೇ ತತ್ತ್ವದ ಮೇಲೆ, 0.4 ಗ್ರಾಂ ರಬ್ಬರಿನಿಂದ, 20 ನಿಮಿಷಕ್ಕೂ ಹೆಚ್ಚು ಹೊತ್ತು ಗಾಳಿಯಲ್ಲಿ ಇರಬಲ್ಲದು. ಅದರ ರೆಕ್ಕೆಯ ಹರವು 55 ಸೆಂಟಿಮೀಟರಿನವರೆಗೆ ಇರಬಹುದು. ರಬ್ಬರ್ ಬಿಟ್ಟು ಉಳಿದ ವಿಮಾನದ ತೂಕ 1.4 ಗ್ರಾಂಗಿಂತ ಕಡಿಮೆ ಇರಬಾರದು ಎಂಬುದು ನಿಯಮ.

ಧಾರವಾಡದ ತರಗತಿಯಲ್ಲಿ ಅಷ್ಟು ಹಗುರವಾದುದನ್ನು ಹೊಸಬರ ಕೈಗೆ ಕೊಡುವುದಿಲ್ಲ, ಕೊಡಲೂಬಾರದು. ಇಲ್ಲಿ ಕಲಿಸುವುದು ಅಮೆರಿಕದಲ್ಲಿ ಪೆನ್ನಿ ಪ್ಲೇನ್ ಎಂದು ಹೆಸರಾದ ವರ್ಗದ ಸರಳ ರೂಪವನ್ನು. ರೆಕ್ಕೆ 18 ಇಂಚು, ಪ್ರೊಪೆಲರ್ 12 ಇಂಚು, ತೂಕ ಕನಿಷ್ಠ 3.1 ಗ್ರಾಂ. ಅಲ್ಲಿಯ ಹಳೆಯ ತಾಮ್ರದ ಪೆನ್ನಿ ನಾಣ್ಯದ ತೂಕ ಅಷ್ಟೇ ಇದ್ದುದರಿಂದ ಆ ಹೆಸರು ಬಂತು. 2019ರ ನಂತರ ಬಂದ ನಮ್ಮ ಒಂದು ರೂಪಾಯಿಯ ಸಣ್ಣ ನಾಣ್ಯವೂ ಸರಿಸುಮಾರು ಅಷ್ಟೇ ತೂಗುತ್ತದೆ. ಶಿಕ್ಷಕರು ಪ್ರತಿ ವಿಮಾನವನ್ನೂ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಆ ನಾಣ್ಯ ಇಟ್ಟು ತೋರಿಸುತ್ತಾರೆ. ಡಿಜಿಟಲ್ ತಕ್ಕಡಿ ಪಕ್ಕದಲ್ಲೇ ಇದ್ದರೂ ಮಕ್ಕಳಿಗೆ ಈ ಕ್ರಮವೇ ಹೆಚ್ಚು ನಾಟುತ್ತದೆ.

ಒಮ್ಮೆ ಕೈಬಿಟ್ಟ ಮೇಲೆ ವಿಮಾನ ಸ್ವತಂತ್ರ. ಚುಕ್ಕಾಣಿಯ ಸಣ್ಣ ಓರೆ, ಎಡರೆಕ್ಕೆಯ ಸ್ವಲ್ಪ ಹೆಚ್ಚಿನ ಉದ್ದ, ಬಾಲದ ವಾಲು ಇವುಗಳಿಂದ ಅದು ಸಾಮಾನ್ಯವಾಗಿ ಎಡಕ್ಕೆ ಸುತ್ತು ಹಾಕುತ್ತ ಮೇಲೇರುತ್ತದೆ, ಕೆಲವು ನಿಮಿಷ ಅದೇ ಎತ್ತರದಲ್ಲಿ ಸುತ್ತುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಅದು ಅಂದುಕೊಂಡ ಜಾಗದಲ್ಲೇ ಸುತ್ತಿದರೆ ನಮಗೆ ಮಾಡಲು ಕೆಲಸವೇ ಇರುವುದಿಲ್ಲ. ಆದರೆ ಮುಚ್ಚಿದ ಕೋಣೆಯಲ್ಲೂ ಗಾಳಿ ಸುಮ್ಮನಿರುವುದಿಲ್ಲ, ಸುತ್ತಿನ ಕೇಂದ್ರ ಮೆಲ್ಲಗೆ ಸರಿಯುತ್ತ ಹೋಗುತ್ತದೆ. ಗೋಡೆ ಹತ್ತಿರವಾದಾಗ ಕೆಳಗಿನಿಂದ ಹೀಲಿಯಂ ಬಲೂನಿನ ದಾರದಿಂದಲೋ ಉದ್ದನೆಯ ಕೋಲಿನಿಂದಲೋ ವಿಮಾನವನ್ನು ಮೃದುವಾಗಿ ತಡೆದು, ಸಭಾಂಗಣದ ನಡುವಿಗೆ ಮುಖ ಮಾಡಿಸಿ ಬಿಡಬೇಕು. ಅದನ್ನು ಮೇಲಕ್ಕೆ ಎತ್ತಿ ಎತ್ತರ ಗಳಿಸಿಕೊಡಲು ಸ್ಪರ್ಧೆಯ ನಿಯಮ ಒಪ್ಪುವುದಿಲ್ಲ. ಅಡ್ಡಲಾಗಿ ಸರಿಸುವುದಷ್ಟೇ ನಮ್ಮ ಹಕ್ಕು. ಸ್ವತಂತ್ರ ಹಾರಾಟ ಎಂದು ಹೇಳಿ ಹೀಗೆ ಮುಟ್ಟುವುದು ಮೋಸವಲ್ಲವೇ ಎಂದು ನಮ್ಮ ತಂಡದಲ್ಲಿ ಒಬ್ಬರು ಕೇಳಿದಾಗ ಶಿಕ್ಷಕರು ಕೊಟ್ಟ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಯಿತು: ವಿಮಾನ ಎಷ್ಟು ಹೊತ್ತು ಹಾರಬೇಕು ಎಂಬುದನ್ನು ಕಟ್ಟಿದವನ ಕೈಯೂ ರಬ್ಬರೂ ತೀರ್ಮಾನಿಸಬೇಕು, ದೀಪದ ಬುರುಡೆ ತೀರ್ಮಾನಿಸಬಾರದು.

ಈ ಸಭಾಂಗಣದ ಮಾಡು ನಡುವಿನಲ್ಲಿ ಸುಮಾರು 9 ಮೀಟರ್ ಎತ್ತರವಿದೆ, ಅಂಚಿನಲ್ಲಿ ಅದಕ್ಕಿಂತ ಕಡಿಮೆ. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ 8 ಮೀಟರಿಗಿಂತ ಕಡಿಮೆ ಎತ್ತರದ ಜಾಗ ಮೊದಲ ವರ್ಗ, 8ರಿಂದ 15 ಮೀಟರ್ ಎರಡನೆಯದು, 15ರಿಂದ 30 ಮೂರನೆಯದು, ಅದಕ್ಕೂ ಮೇಲಿನದು ನಾಲ್ಕನೆಯದು. ವಿಶ್ವ ಚಾಂಪಿಯನ್‌ಷಿಪ್‌ಗಳು ನಡೆದಿರುವ ರೊಮೇನಿಯಾದ ಸ್ಲಾನಿಕ್ ಉಪ್ಪಿನ ಗಣಿಯ ಕೋಣೆಗಳು 50 ಮೀಟರಿಗೂ ಹೆಚ್ಚು ಎತ್ತರವಾಗಿವೆ. ನೆಲದಡಿ 200 ಮೀಟರಿಗೂ ಆಳದಲ್ಲಿರುವುದರಿಂದ ಅಲ್ಲಿ ವರ್ಷವಿಡೀ ಒಂದೇ ತಂಪು. ನಮ್ಮಲ್ಲಿ ತಗಡಿನ ಮಾಡು, ಪಶ್ಚಿಮಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆ. ಮಧ್ಯಾಹ್ನ ಎರಡು ಗಂಟೆಯ ನಂತರ ಆ ಗೋಡೆ ಕಾಯುತ್ತದೆ, ಅದಕ್ಕೆ ತಾಗಿದ ಗಾಳಿ ಮೇಲೇರಿ ಮಾಡಿನಡಿಯಲ್ಲಿ ಪೂರ್ವಕ್ಕೆ ಹರಿದು, ಆ ಕಡೆ ಇಳಿದು, ನೆಲದ ಹತ್ತಿರ ಮತ್ತೆ ಪಶ್ಚಿಮಕ್ಕೆ ಬರುತ್ತದೆ. ಹೀಗಾಗಿ ಒಂದೇ ವಿಮಾನ ಏರುವಾಗ ಒಂದು ಕಡೆಗೂ ಮೇಲೆ ಇರುವಾಗ ಇನ್ನೊಂದು ಕಡೆಗೂ ಸರಿಯುತ್ತದೆ. ಕೈಬಿಡುವ ಮೊದಲು ಊದುಬತ್ತಿಯ ಹೊಗೆಯನ್ನು ಗೋಡೆಯ ಬುಡದಲ್ಲಿ ಹಿಡಿದು ಗಾಳಿಯ ಹರಿವನ್ನು ನೋಡುವುದು ಇವರ ಮೊದಲ ಪಾಠ. ಇದನ್ನು ಯಾವ ತಂಡಕ್ಕೂ ಅವಸರದಲ್ಲಿ ಮುಗಿಸದಿರಲಿ ಎಂದು ನಾನು ಬಯಸುತ್ತೇನೆ, ಏಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಎರಡನೆಯ ಪಾಠದಲ್ಲಿ ಹಾರಾಟವೇ ಇಲ್ಲ. ಮುರಿದು ಮೂಲೆ ಸೇರಿದ ಹಳೆಯ ವಿಮಾನವೊಂದನ್ನು ತೊಲೆಯಿಂದ ದಾರ ಕಟ್ಟಿ ತೂಗುಬಿಟ್ಟಿರುತ್ತಾರೆ. ಅದರ ರೆಕ್ಕೆಯ ಮುಂಗಡ್ಡಿಯ ಮೇಲೆ ಮೂರು ಕಡೆ ಕೆಂಪು ಮಸಿಯ ಗುರುತು: ಎಡತುದಿಯ ಹತ್ತಿರ ಒಂದು, ಬಲತುದಿಯ ಹತ್ತಿರ ಒಂದು, ನಡುವೆ ಒಂದು. ಕಲಿಯುವವರು ಬಲೂನನ್ನು ಮೇಲೇರಿಸಿ, ಅದರ ದಾರವನ್ನು ಶಿಕ್ಷಕರು ಹೇಳಿದ ಗುರುತಿಗೆ ತಾಗಿಸಬೇಕು. ತಾಗಿದಾಗ ವಿಮಾನ ತೂಗಾಡಬಾರದು. ಕೇಳಲು ಸುಲಭ. ಆರು ಮೀಟರ್ ಎತ್ತರದಲ್ಲಿ ಬಿಳಿಯ ದಾರ ಬಿಳಿಯ ಮಾಡಿನೆದುರು ಕಾಣುವುದೇ ಇಲ್ಲ. ಬಲೂನು ಎಲ್ಲಿದೆ ಎಂದು ನೋಡಿ ದಾರ ಎಲ್ಲಿರಬಹುದು ಎಂದು ಊಹಿಸಬೇಕು, ಕೈ ಸರಿಸಿದರೆ ಬಲೂನು ಸ್ವಲ್ಪ ತಡವಾಗಿ ಸರಿಯುತ್ತದೆ, ನಿಲ್ಲಿಸಿದರೆ ಸ್ವಲ್ಪ ಮುಂದೆ ಹೋಗಿ ಹಿಂದಕ್ಕೆ ಬರುತ್ತದೆ. ಕೈಯ ಚಲನೆಗೂ ದಾರದ ಚಲನೆಗೂ ನಡುವಿನ ಈ ಅಂತರ ಮೈಗೆ ಹತ್ತುವವರೆಗೆ ಹಾರುವ ವಿಮಾನದ ಹತ್ತಿರ ಹೋಗಲು ಬಿಡುವುದಿಲ್ಲ. ಹೈಸ್ಕೂಲಿನ ಹುಡುಗಿಯೊಬ್ಬಳು ದಾರವನ್ನು ತನ್ನ ಕಡೆಗೆ ಎಳೆಯುತ್ತಿದ್ದಾಗ ಶಿಕ್ಷಕರು ಹೇಳಿದ್ದು: "ತಂಗಿ, ಜಗ್ಗಬ್ಯಾಡ. ಬರೇ ಅದರ ಮುಂದ ಹಿಡಿ, ಅದ ಬಂದು ತಾಗತೈತಿ." ಅವಳ ಕೈ ಅಂದೇ ಹದಕ್ಕೆ ಬಂತು.

ಮೂರು ಗುರುತುಗಳಿಗೆ ಕಾರಣವಿದೆ. ಎಡಕ್ಕೆ ಸುತ್ತುವ ವಿಮಾನದ ಎಡತುದಿಯನ್ನು ತಡೆದರೆ ಬಲರೆಕ್ಕೆ ಮುಂದೆ ಸಾಗಿ ಸುತ್ತು ಇನ್ನೂ ಬಿಗಿಯಾಗುತ್ತದೆ; ಬಲತುದಿಯನ್ನು ತಡೆದರೆ ಮೂತಿ ಬಲಕ್ಕೆ ಹೊರಳಿ ಸುತ್ತು ತೆರೆಯುತ್ತದೆ; ನಡುವಿನ ಹತ್ತಿರ ತಡೆದರೆ ವಿಮಾನ ಹೆಚ್ಚು ತಿರುಗದೆ ದಾರದ ಜೊತೆಗೆ ಸಾಗುತ್ತದೆ. ಗೋಡೆ ಯಾವ ಕಡೆ ಇದೆ, ಎಷ್ಟು ಜಾಗ ಉಳಿದಿದೆ ಎಂಬುದನ್ನು ನೋಡಿ ಯಾವುದನ್ನು ಆರಿಸಬೇಕೆಂದು ತೀರ್ಮಾನಿಸಬೇಕು. ಎಲ್ಲ ಸಂದರ್ಭದಲ್ಲೂ ಮುಂದಿನಿಂದಲೇ ತಡೆಯಬೇಕು. ಹಿಂದಿನಿಂದ ದಾರ ತಾಗಿದರೆ ಬಾಲ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಹೊದಿಕೆ ಹರಿಯುತ್ತದೆ. ದಾರ ಪ್ರೊಪೆಲರಿನ ಕಡ್ಡಿಗೆ ಸುತ್ತಿಕೊಂಡರಂತೂ ವಿಮಾನ ಬಲೂನಿಗೆ ನೇತುಬೀಳುತ್ತದೆ, ಆ ಹಾರಾಟ ಅಲ್ಲಿಗೆ ಮುಗಿಯುತ್ತದೆ.

ಮೂರನೆಯ ಪಾಠ ನನ್ನ ಮಟ್ಟಿಗೆ ಇಡೀ ತರಗತಿಯ ಸಾರ. ಅದು ನೋಡುವ ಪಾಠ. ವಿಮಾನವನ್ನು ಹಾರಿಸಿ, ಕಲಿಯುವವರ ಕೈಗೆ ಏನೂ ಕೊಡದೆ, ಒಂದು ನಿರ್ದಿಷ್ಟ ತೊಲೆಯ ಕೆಳಗೆ ಅದು ಪ್ರತಿ ಸುತ್ತಿನಲ್ಲಿ ಎಲ್ಲಿ ಹಾಯುತ್ತದೆ ಎಂದು ಗಮನಿಸಲು ಹೇಳುತ್ತಾರೆ. ಗೋಡೆಗೆ ಮೂರು ಮೀಟರ್ ಉಳಿದಿದೆ, ಸುತ್ತಿಗೆ ಅರ್ಧ ಮೀಟರಿನಂತೆ ಸರಿಯುತ್ತಿದೆ ಎಂದರೆ ಆರು ಸುತ್ತು ಸಮಯವಿದೆ. ಒಂದು ಸುತ್ತಿಗೆ ಹನ್ನೆರಡು ಸೆಕೆಂಡು ಹಿಡಿದರೆ ಒಂದು ನಿಮಿಷದ ಮೇಲೆ ಸ್ವಲ್ಪ. ಅಷ್ಟರೊಳಗೆ ವಿಮಾನ ಕೆಳಗೆ ಇಳಿಯಲು ಆರಂಭಿಸಿದರೆ ಸರಿಯುವ ದಿಕ್ಕೇ ಬದಲಾಗಬಹುದು, ಆಗ ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಮುಟ್ಟಲೇಬೇಕಾದರೆ ನಾಲ್ಕನೆಯ ಸುತ್ತಿಗೆ ಬಲೂನು ಮೇಲಿರಬೇಕು, ಐದನೆಯದಕ್ಕೆ ದಾರ ತಾಗಬೇಕು. ಹೊಸಬರು ಸಾಮಾನ್ಯವಾಗಿ ಇದರ ವಿರುದ್ಧ ಮಾಡುತ್ತಾರೆ: ಮೊದಲ ಸುತ್ತಿನಿಂದಲೇ ವಿಮಾನದ ಕೆಳಗೆ ಕತ್ತೆತ್ತಿ ಓಡುತ್ತಾರೆ, ಗೋಡೆ ಬಂದಾಗ ಗಾಬರಿಯಿಂದ ದಾರ ಬೀಸುತ್ತಾರೆ. ಓಡುವವರ ಮೈಯಿಂದ ಏಳುವ ಗಾಳಿಯೇ ಅಷ್ಟು ಹಗುರವಾದ ವಿಮಾನವನ್ನು ಕೆಡಿಸಲು ಸಾಕು. "ಅದರ ಬೆನ್ನ ಹತ್ತಬ್ಯಾಡ್ರಿ, ಅದು ಬರೋ ಜಾಗದಾಗ ನೀವು ಮೊದಲ ನಿಲ್ರಿ" ಎಂಬ ಮಾತನ್ನು ಶಿಕ್ಷಕರು ದಣಿಯದೆ ಹೇಳುತ್ತಾರೆ. ಎಷ್ಟು ಚೆನ್ನಾಗಿ ಮುಟ್ಟುತ್ತೀರಿ ಎಂಬುದಕ್ಕಿಂತ, ಮುಟ್ಟದೆ ಎಷ್ಟು ಹೊತ್ತು ಬಿಡಬಲ್ಲಿರಿ ಎಂಬುದನ್ನು ಇವರು ಹೆಚ್ಚು ಅಳೆಯುತ್ತಾರೆ. ಈ ತರಗತಿಯ ಬಗ್ಗೆ ನನಗೆ ಗೌರವ ಮೂಡಿದ್ದು ಇಲ್ಲಿ.

ತಾಗಿದ ಮೇಲೆ ಏನು ಮಾಡಬೇಕು ಎಂಬುದರಲ್ಲೂ ಸೂಕ್ಷ್ಮವಿದೆ. ದಾರವನ್ನು ಒಂದೇ ಕಡೆ ಗಟ್ಟಿಯಾಗಿ ಹಿಡಿದು ನಿಂತರೆ ವಿಮಾನದ ವೇಗ ಸಾಯುತ್ತದೆ. ರೆಕ್ಕೆಯ ಎತ್ತುವ ಬಲ ವೇಗದ ವರ್ಗವನ್ನು ಅವಲಂಬಿಸಿರುವುದರಿಂದ ವೇಗ ಅರ್ಧಕ್ಕೆ ಇಳಿದರೆ ಬಲ ಕಾಲು ಪಾಲಾಗುತ್ತದೆ, ವಿಮಾನ ದಾರವನ್ನು ಒರೆಸಿಕೊಂಡು ಕೆಳಗೆ ಜಾರುತ್ತದೆ. ಆದ್ದರಿಂದ ತಾಗಿದ ಕ್ಷಣದಿಂದ ನಾವೂ ಅದರ ಮುಂದೆ ಅದರದೇ ವೇಗದಲ್ಲಿ ಹಿಂದಡಿ ಇಡುತ್ತ, ಸುತ್ತಿನ ಬಾಗನ್ನು ಸ್ವಲ್ಪ ಸ್ವಲ್ಪವೇ ಬೇರೆ ಕಡೆಗೆ ಬಗ್ಗಿಸಬೇಕು. ಈ ವಿಮಾನಗಳು ನಡೆಯುವ ಮನುಷ್ಯನ ವೇಗದಲ್ಲೇ ಹಾರುವುದರಿಂದ ಇದು ಸಾಧ್ಯ. ಮೂತಿ ಸಭಾಂಗಣದ ನಡುವಿಗೆ ತಿರುಗಿತು ಎನಿಸಿದಾಗ ಒಂದೆರಡು ಹೆಜ್ಜೆ ಚುರುಕಾಗಿ ಇಟ್ಟು ದಾರವನ್ನು ವಿಮಾನದಿಂದ ಮುಂದಕ್ಕೆ ಕಳಚಿಕೊಳ್ಳಬೇಕು, ಆಮೇಲೆ ಬಲೂನನ್ನು ವಿಮಾನದ ದಾರಿಯಿಂದ ಹೊರಗೆ ಒಯ್ದೇ ಇಳಿಸಬೇಕು. ಚೆನ್ನಾಗಿ ಕಲಿತವರು ಬಿಟ್ಟ ವಿಮಾನ ಏನೂ ಆಗಿಲ್ಲವೆಂಬಂತೆ ಹೊಸ ಜಾಗದಲ್ಲಿ ಅದೇ ಸುತ್ತನ್ನು ಮುಂದುವರಿಸುತ್ತದೆ. ಅದನ್ನು ನೋಡುವ ಸಂತೋಷ ಮಾತಿನಲ್ಲಿ ಹೇಳುವಂಥದ್ದಲ್ಲ. ಸಭಾಂಗಣದಲ್ಲಿ ಇದ್ದವರೆಲ್ಲ ಆ ಹೊತ್ತು ಉಸಿರು ಹಿಡಿದಿರುತ್ತಾರೆ.

ಅಭ್ಯಾಸಕ್ಕೆ ಪೂರ್ಣ ಬಲದ ಹಾರಾಟ ಬೇಡ ಎಂಬ ಅವರ ಕ್ರಮವೂ ಜಾಣತನದ್ದು. ರಬ್ಬರ್ ಕುಣಿಕೆಯನ್ನು ಅರ್ಧ ಉದ್ದಕ್ಕೆ ಕತ್ತರಿಸಿ, ಉಳಿದರ್ಧದ ಜಾಗದಲ್ಲಿ ಅಷ್ಟೇ ತೂಕದ ಕಡ್ಡಿಯೊಂದನ್ನು ಕೊಕ್ಕೆಗೆ ಸಿಕ್ಕಿಸುತ್ತಾರೆ. ವಿಮಾನದ ಒಟ್ಟು ತೂಕವೂ ತೂಕದ ಕೇಂದ್ರವೂ ಬದಲಾಗುವುದಿಲ್ಲ, ಹಾರುವ ರೀತಿ ಅದೇ ಇರುತ್ತದೆ, ಏರುವ ಎತ್ತರವೂ ಹಾರುವ ಸಮಯವೂ ಮಾತ್ರ ಕಡಿಮೆಯಾಗುತ್ತವೆ. ನಾಲ್ಕೈದು ಮೀಟರಿನೊಳಗೆ ಸುತ್ತುವ ವಿಮಾನಕ್ಕೆ ದಾರ ತಾಗಿಸುವುದನ್ನು ಕಲಿತು ಆಮೇಲೆ ಮಾಡಿನ ಹತ್ತಿರಕ್ಕೆ ಹೋಗುವುದು ಎಲ್ಲ ದೃಷ್ಟಿಯಿಂದಲೂ ಸರಿ.

ಇನ್ನು ಕೋಲು ಮತ್ತು ಬಲೂನಿನ ವಿಷಯ. ಕೋಲೆಂದರೆ ಒಂದರೊಳಗೊಂದು ಸೇರುವ ಕಾರ್ಬನ್ ಫೈಬರಿನ ಗಾಳದ ಕೋಲು. ಪೂರ್ತಿ ಎಳೆದರೆ ಏಳು ಮೀಟರ್. ತುದಿಗೆ ಸ್ಪಂಜಿನ ಉಂಡೆ ಕಟ್ಟಿರುತ್ತಾರೆ. ಕೋಲು ಕೈಗೆ ತಕ್ಷಣ ಸಿಗುತ್ತದೆ, ಖರ್ಚು ಒಂದೇ ಸಲ, ತೊಲೆಗೆ ಸಿಕ್ಕಿಕೊಂಡ ವಿಮಾನವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ನೂಕಿ ಬಿಡಿಸಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಆದರೆ ಬುಡ ಸರಿಸಿದಾಗ ತುದಿ ಬಗ್ಗಿ ಹಿಂದುಳಿಯುತ್ತದೆ, ನಂತರ ಚಿಮ್ಮಿ ಮುಂದೆ ಹೋಗುತ್ತದೆ. ಆ ಚಿಮ್ಮುವಿಕೆಯಲ್ಲೇ ರೆಕ್ಕೆಯ ಕಡ್ಡಿ ಮುರಿಯುತ್ತದೆ. ತೋಳಿನ ಶಕ್ತಿಯೂ ಬೇಕು. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಪೂರ್ತಿ ಎಳೆದ ಕೋಲನ್ನು ತಡೆದು ಹಿಡಿಯುವುದು ಕಷ್ಟ. ತರಗತಿಯ ಎರಡು ಕೋಲುಗಳಲ್ಲಿ ಒಂದರ ತುದಿಯ ಸ್ಪಂಜು ಗಟ್ಟಿಯಾಗಿ ಹೋಗಿದೆ, ಅದನ್ನು ಬದಲಿಸಲೇಬೇಕು.

ಬಲೂನು ಮೃದು, ನಿಧಾನ, ಎತ್ತರದ ಮಿತಿಯಿಲ್ಲದ್ದು. ಲೀಟರಿಗೆ ಸುಮಾರು ಒಂದು ಗ್ರಾಂ ಎಂಬುದು ಹೀಲಿಯಂ ಎತ್ತಬಲ್ಲ ಭಾರದ ಲೆಕ್ಕ. 30 ಸೆಂಟಿಮೀಟರ್ ಅಡ್ಡಗಲದ ಬಲೂನಿನಲ್ಲಿ ಸುಮಾರು 14 ಲೀಟರ್ ಹಿಡಿಯುತ್ತದೆ. ಬಲೂನಿನ ಮೂರು ಗ್ರಾಂ ತೂಕ ಕಳೆದರೆ ಹನ್ನೊಂದು ಗ್ರಾಂಗಳಷ್ಟು ಬಲ ಉಳಿಯುತ್ತದೆ, ತೆಳುವಾದ ದಾರವನ್ನು ಬಿಗಿಯಾಗಿ ನಿಲ್ಲಿಸಲು ಅಷ್ಟು ಸಾಕು. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ಆ ಬಲ ತುಸು ಕಡಿಮೆಯಾಗುತ್ತದೆ, ಹಾಗಾಗಿ ಇವರು ಬಲೂನನ್ನು ಒಂದಿಷ್ಟು ದೊಡ್ಡದಾಗಿ ಊದುತ್ತಾರೆ. ರಬ್ಬರ್ ಬಲೂನಿನಿಂದ ಹೀಲಿಯಂ ಒಂದು ದಿನದೊಳಗೆ ಸೋರಿಹೋಗುತ್ತದೆ. ಫಾಯಿಲ್ ಬಲೂನು ಕೆಲವು ದಿನ ತಡೆಯುತ್ತದೆ, ಆದರೆ ಅದೇ ಅಳತೆಗೆ ಹೆಚ್ಚು ಭಾರ. ಒಣಹವೆಯ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಇನ್ನೊಂದು ತೊಂದರೆ: ಬಟ್ಟೆಗೆ ಉಜ್ಜಿದ ಬಲೂನಿನಲ್ಲಿ ಸ್ಥಾಯಿ ವಿದ್ಯುತ್ ಕೂಡಿ ರೆಕ್ಕೆಯ ಹೊದಿಕೆಯನ್ನು ತನ್ನ ಕಡೆ ಸೆಳೆಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ಬಲೂನು ವಿಮಾನಕ್ಕಿಂತ ಮೇಲೆ ಇದ್ದು, ದಾರ ಮಾತ್ರ ತಾಗುವಂತೆ ನೋಡಿಕೊಳ್ಳಬೇಕೆಂಬ ಸೂಚನೆಗೆ ಇದೂ ಒಂದು ಕಾರಣ.

ಇಲ್ಲಿ ಸುರಕ್ಷತೆಯ ಮಾತೊಂದನ್ನು ಒತ್ತಿ ಹೇಳಬೇಕು. ಜಾತ್ರೆಗಳಲ್ಲಿ ಮಾರುವ ಗ್ಯಾಸ್ ಬಲೂನುಗಳಲ್ಲಿ ಹಲವು ಸಲ ಇರುವುದು ಹೀಲಿಯಂ ಅಲ್ಲ, ಕಾಸ್ಟಿಕ್ ಸೋಡಾ ಮತ್ತು ಅಲ್ಯೂಮಿನಿಯಂ ಸೇರಿಸಿ ತಯಾರಿಸಿದ ಹೈಡ್ರೋಜನ್. ಅದು ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ದೀಪಗಳ ಹತ್ತಿರ, ಮಕ್ಕಳ ತಲೆಯ ಮೇಲೆ ಅಂಥ ಬಲೂನು ಎಂದಿಗೂ ಬೇಡ. ಅಗ್ಗ ಎಂದು ಒಬ್ಬ ಪಾಲಕರು ಹೊರಗಿನಿಂದ ಬಲೂನು ತಂದಾಗ ಶಿಕ್ಷಕರು ಅದನ್ನು ಸಭಾಂಗಣದ ಒಳಗೆ ಬಿಡಲಿಲ್ಲ. ಅವರ ಆ ಕಟ್ಟುನಿಟ್ಟನ್ನು ನಾನು ಪೂರ್ಣವಾಗಿ ಬೆಂಬಲಿಸುತ್ತೇನೆ. ಊದುಬತ್ತಿಯ ಪಾಠ ಮುಗಿದು, ಅದನ್ನು ನೀರಿನಲ್ಲಿ ಆರಿಸಿದ ಮೇಲೆಯೇ ಬಲೂನು ಹೊರತೆಗೆಯುವುದೂ ಇವರ ರೂಢಿ.

ಕೊರತೆಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕಾಗಿದೆ. ಹೀಲಿಯಂ ದುಬಾರಿ ಎಂಬುದು ನಿಜ, ಆದರೆ ನಾಲ್ಕು ಜನಕ್ಕೆ ಒಂದು ಬಲೂನು ಕೊಟ್ಟು, ಅದನ್ನೂ ಕೊನೆಯ ಗಂಟೆಯಲ್ಲಿ ಮಾತ್ರ ತೆಗೆಯುವುದರಿಂದ, ತರಗತಿಯ ಅತ್ಯುತ್ತಮ ಭಾಗಕ್ಕೇ ಅತಿ ಕಡಿಮೆ ಸಮಯ ಸಿಗುತ್ತದೆ. ಶುಲ್ಕ ಈಗ ಮಕ್ಕಳ ಬೇಸಿಗೆ ಕ್ರಿಕೆಟ್ ಶಿಬಿರದಷ್ಟೇ ಇದೆ. ಹೀಲಿಯಮ್ಮಿಗಾಗಿ ಸ್ವಲ್ಪ ಹೆಚ್ಚು ಕೇಳಿದರೂ ಕಲಿಯುವ ಆಸೆಯಿರುವವರು ಕೊಟ್ಟೇ ಕೊಡುತ್ತಾರೆ. ಎರಡನೆಯದಾಗಿ, ಮಧ್ಯಾಹ್ನದ ಹೊತ್ತು ಈ ಕೆಲಸಕ್ಕೆ ಸರಿಯಲ್ಲ. ಗೋಡೆ ಕಾಯುವ ಮೊದಲು, ಬೆಳಗಿನ ತಂಪಿನಲ್ಲಿ ಗಾಳಿ ಬಹುಪಾಲು ಸ್ಥಿರವಾಗಿರುತ್ತದೆ. ಮೊದಲ ಪಾಠಗಳನ್ನಾದರೂ ಆಗ ಇಟ್ಟುಕೊಂಡು, ಗಾಳಿ ಸರಿಯುವ ಹೊತ್ತಿನ ಕಷ್ಟವನ್ನು ಆಮೇಲೆ ಪರಿಚಯಿಸಬಹುದು. ಮೂರನೆಯದು ಪಾಲಕರ ಓಡಾಟ. ಬಾಗಿಲು ತೆಗೆದು ಹಾಕಿದಾಗಲೆಲ್ಲ ಒಳಗಿನ ಗಾಳಿ ಕಲಕುತ್ತದೆ, ಹಾರಾಟದ ನಡುವೆ ಬಾಗಿಲು ತೆರೆಯಬಾರದೆಂಬ ಫಲಕ ಹಾಕಿದರೂ ಅದನ್ನು ಪಾಲಿಸುವಂತೆ ನೋಡಿಕೊಳ್ಳುವವರು ಇಲ್ಲ.

ಕಟ್ಟುವ ಪಾಠದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಡುವ ಕಿಟ್ಟಿನಲ್ಲಿ ಬಾಲ್ಸಾ ಕಡ್ಡಿ, ಹೊದಿಕೆಯ ಹಾಳೆ, ಪ್ರೊಪೆಲರಿನ ಹಲಗೆ, ಉಕ್ಕಿನ ತಂತಿ, ರಬ್ಬರ್ ಪಟ್ಟಿ ಇರುತ್ತವೆ. ಬಾಲ್ಸಾ ಎಲ್ಲ ಒಂದೇ ಗುಣದ್ದಲ್ಲ. ಒಂದೇ ದಪ್ಪದ ಎರಡು ಕಡ್ಡಿಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ಭಾರ ಇರಬಹುದು, ಆದ್ದರಿಂದ ಕತ್ತರಿಸುವ ಮೊದಲು ತೂಗಿ ಆರಿಸುವುದನ್ನು ಕಲಿಸಬೇಕಿತ್ತು. ಮಳೆಗಾಲದಲ್ಲಿ ಬಾಲ್ಸಾ ತೇವ ಹೀರಿ ಭಾರವಾಗುತ್ತದೆ ಎಂಬುದನ್ನೂ ಧಾರವಾಡದಂಥ ಊರಿನಲ್ಲಿ ಮೊದಲ ದಿನವೇ ಹೇಳಬೇಕು. ರಬ್ಬರ್ ಮಾತ್ರ ಒಳ್ಳೆಯದನ್ನೇ ಕೊಡುತ್ತಾರೆ: ಈ ಹವ್ಯಾಸದಲ್ಲಿ ಎಲ್ಲರೂ ನೆಚ್ಚುವ ಟ್ಯಾನ್ ಸೂಪರ್ ಸ್ಪೋರ್ಟ್ ಪಟ್ಟಿ. ಅದಕ್ಕೆ ಸಿಲಿಕೋನ್ ಎಣ್ಣೆ ಸವರಿ, ಉದ್ದಕ್ಕೆ ಎಳೆದು ಹಿಡಿದು, ಗಿಯರ್ ಇರುವ ವೈಂಡರ್ ಎಂಬ ಕೈಯಂತ್ರದಿಂದ ಸುತ್ತುತ್ತ ನಿಧಾನವಾಗಿ ಹತ್ತಿರ ಬರುವ ವಿಧಾನವನ್ನು ಇಬ್ಬರು ಸಹಾಯಕರೂ ತಾಳ್ಮೆಯಿಂದ ತೋರಿಸುತ್ತಾರೆ. ಸುತ್ತುಗಳ ಸಂಖ್ಯೆ, ತಿರುಚು ಬಲ, ಹಾರಿದ ಸಮಯ ಇವನ್ನು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವನ್ನು ಮಾಡಿಸಿದರೆ ಮುಂದಿನ ಹಾರಾಟಕ್ಕೆ ಎಷ್ಟೋ ಅನುಕೂಲವಾಗುತ್ತದೆ, ಸದ್ಯ ಅದು ನಡೆಯುತ್ತಿಲ್ಲ.

ಯಾರು ಸೇರಬಹುದು ಎಂದರೆ, ಹತ್ತು ವರ್ಷ ದಾಟಿದ, ಸುಮ್ಮನೆ ನಿಂತು ನೋಡುವ ಸ್ವಭಾವ ಇರುವ ಯಾರಾದರೂ ಸೇರಬಹುದು. ವೇಗವಾಗಿ ಹಾರುವ, ಕೈಯಲ್ಲಿ ಗುಂಡಿ ಒತ್ತಿ ತಿರುಗಿಸುವ ವಿಮಾನ ಬೇಕೆನ್ನುವ ಮಕ್ಕಳಿಗೆ ಇದು ಬೇಸರ ತರಬಹುದು. ಅವರನ್ನು ಬಲವಂತದಿಂದ ಕಳಿಸುವುದು ಬೇಡ. ಆಷಾಢದ ಗಾಳಿಯಲ್ಲಿ ಗಾಳಿಪಟ ಹಾರಿಸಿ ದಾರದ ಬಿಗಿ, ಸಡಿಲ ಬೆರಳಿಗೆ ಗೊತ್ತಿರುವವರು ಬಲೂನಿನ ಪಾಠದಲ್ಲಿ ಬೇಗ ಮುಂದೆ ಬರುವುದನ್ನು ನಾನು ಕಂಡಿದ್ದೇನೆ, ಅವರಲ್ಲಿ ಐವತ್ತು ದಾಟಿದವರೂ ಇದ್ದರು. ಕುತ್ತಿಗೆ ನೋವು ಇರುವವರು ಯೋಚಿಸಿ ಸೇರಬೇಕು, ಏಕೆಂದರೆ ಬಹಳ ಹೊತ್ತು ಮೇಲೆ ನೋಡುತ್ತಿರಬೇಕಾಗುತ್ತದೆ. ರಬ್ಬರಿನ ಅಡಿಯ ಬೂಟು, ನೀರಿನ ಬಾಟಲಿ, ವಿಮಾನ ಇಟ್ಟು ಒಯ್ಯಲು ಗಟ್ಟಿ ರಟ್ಟಿನ ಪೆಟ್ಟಿಗೆ ಇಷ್ಟು ತಂದರೆ ಸಾಕು. ಪೆಟ್ಟಿಗೆ ಕನಿಷ್ಠ 20 ಇಂಚು ಉದ್ದ ಇರಲಿ, ಇಲ್ಲದಿದ್ದರೆ ಬಸ್ಸಿನಲ್ಲಿ ರೆಕ್ಕೆ ಉಳಿಯುವುದಿಲ್ಲ.

ಬೆಳಗಿನ ಹೊತ್ತಿನ ವಿಷಯವನ್ನು ಕೊನೆಯ ತರಗತಿಯಲ್ಲಿ ಶಿಕ್ಷಕರ ಮುಂದಿಟ್ಟೆವು. ಬ್ಯಾಡ್ಮಿಂಟನ್ ಆಡುವವರು ಬರುವ ಮೊದಲು ಸಭಾಂಗಣ ಸಿಗುವುದಾದರೆ ಮುಂದಿನ ತಂಡವನ್ನು ಏಳು ಗಂಟೆಗೇ ಆರಂಭಿಸುವುದಾಗಿ ಅವರು ಹೇಳಿದ್ದಾರೆ. ಹಾಗಾದರೆ ಹುಬ್ಬಳ್ಳಿಯಿಂದ ಬರುವವರು ಬೆಳಗಿನ ಚಿಗರಿ ಬಸ್ಸನ್ನು ಬೇಗನೆ ಹಿಡಿಯಬೇಕಾಗುತ್ತದೆ, ಗದಗ, ಹಾವೇರಿ ಕಡೆಯವರು ಹಿಂದಿನ ರಾತ್ರಿಯೇ ಬಂದು ಉಳಿಯುವುದು ಒಳ್ಳೆಯದು.